ಡಿಪ್ಲೊಮಾದಲ್ಲಿ ಅಂಕ ಕಡಿಮೆ ಬಂದರೂ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದಾ? ಕಂಪ್ಲಿ ಪೋಷಕರಿಗೆ ಒಂದಿಷ್ಟು ಮಾಹಿತಿ

ಕಂಪ್ಲಿ: ಮೊನ್ನೆ ಸಂಜೆ ಬಸ್ ಸ್ಟ್ಯಾಂಡ್ ಕಡೆಯ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಪರಿಚಯದ ಕಿರಾಣಿ ಅಂಗಡಿ ಅಣ್ಣ ಒಬ್ಬರು ಮಗನ ಅಂಕಪಟ್ಟಿ ಹಿಡಿದುಕೊಂಡು ಬಂದರು. ಹುಡುಗ ಹಿಂದೆ ತಲೆ ತಗ್ಗಿಸಿ ನಿಂತಿದ್ದ. "ತಮ್ಮಾ, ನ್ಯೂಸ್ ಬರೀತೀಯಲ್ಲ, ಇದನ್ನ ಸ್ವಲ್ಪ ನೋಡಿ ಹೇಳು. ಐದು ಪಾಯಿಂಟ್ ಎಂಟು ಅಂತ ಹಾಕ್ಯಾರ. ಇದು ಎಷ್ಟಕ್ಕ? ಪಾಸಾ, ಫೇಲಾ?" ಅಂದರು.

ಪಾಸೇ. ಹತ್ತಕ್ಕೆ 5.8. ಸಿಜಿಪಿಎ ಅಂತಾರೆ, ಎಲ್ಲಾ ಸೆಮಿಸ್ಟರ್ ಸೇರಿಸಿ ತೆಗೆದ ಸರಾಸರಿ. ಪಾಲಿಟೆಕ್ನಿಕ್‌ಗಳಲ್ಲಿ ಸಿ-20 ಪಠ್ಯಕ್ರಮ ಬಂದ ಮೇಲೆ ಅಂಕಪಟ್ಟಿ ಹೀಗೇ ಬರುತ್ತದೆ. ಅಣ್ಣನಿಗೆ ಇಷ್ಟು ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಹಂಗಾದ್ರ ಇವನಿಗೆ ಎಂಜಿನಿಯರಿಂಗ್ ಸಿಗ್ತೈತಾ? ಇಲ್ಲಾ ಅಂಗಡ್ಯಾಗ ಕುಂದ್ರಸಲಾ?"

ಈ ಪ್ರಶ್ನೆ ಅವರೊಬ್ಬರದಲ್ಲ. ಕಂಪ್ಲಿ, ಎಮ್ಮಿಗನೂರು, ರಾಮಸಾಗರ, ದೇವಸಮುದ್ರ, ಮೆಟ್ರಿ ಕಡೆಯಿಂದ ಡಿಪ್ಲೊಮಾ ಓದೋ ಹುಡುಗರು ಬಹಳ ಜನ ಇದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಸುಮಾರಾಗಿ ಬಂದವರು, ಪಿಯುಸಿ ಸೈನ್ಸ್ ಟ್ಯೂಷನ್ ಫೀಸು ಕಟ್ಟಲಾಗದವರು, ಬೇಗ ಕೆಲಸ ಸಿಗಲಿ ಅನ್ನೋರು ಪಾಲಿಟೆಕ್ನಿಕ್ ಹಿಡಿಯುತ್ತಾರೆ. ಮೂರು ವರ್ಷ ಮುಗಿಯೋ ಹೊತ್ತಿಗೆ ಅಂಕ 50, 55 ಅಂತ ನಿಂತರೆ 'ಇನ್ನು ಮುಗೀತು' ಅಂದುಕೊಂಡು ಸುಮ್ಮನಾಗುತ್ತಾರೆ. ಮುಗಿದಿರುವುದಿಲ್ಲ. ದಾರಿ ಇದೆ. ಆದರೆ ಆ ದಾರಿಯಲ್ಲಿ ಎಲ್ಲೆಲ್ಲಿ ಗುಂಡಿ ಇದೆ ಅಂತ ಮೊದಲೇ ಗೊತ್ತಿರಬೇಕು.

ಏನಿದು ಡಿಸಿಇಟಿ?

ಪಿಯುಸಿ ಮುಗಿಸಿದವರಿಗೆ ಸಿಇಟಿ ಇದ್ದ ಹಾಗೆ ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ. ನಡೆಸುವುದು ಅದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಾವು ಬಾಯಲ್ಲಿ ಕೆಇಎ ಅನ್ನೋದು. ಇದನ್ನು ಬರೆದು ರ‍್ಯಾಂಕ್ ಬಂದವರು ಬಿ.ಇ.ಗೆ ಮೊದಲ ವರ್ಷ ಬಿಟ್ಟು ನೇರವಾಗಿ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಸೇರುತ್ತಾರೆ. ಇದಕ್ಕೆ ಲ್ಯಾಟರಲ್ ಎಂಟ್ರಿ ಅಂತ ಹೆಸರು. ಪಕ್ಕದ ಬಾಗಿಲಿನಿಂದ ಒಳಗೆ ಹೋದ ಹಾಗೆ, ಆದರೆ ಕಾನೂನು ಪ್ರಕಾರವೇ.

ಬಹಳ ಜನ ತಪ್ಪು ಲೆಕ್ಕ ಹಾಕೋದು ವರ್ಷದ ವಿಷಯದಲ್ಲಿ. "ಡಿಪ್ಲೊಮಾ ಮಾಡಿ ಮತ್ತೆ ಬಿ.ಇ. ಅಂದ್ರೆ ವಯಸ್ಸು ಹೋಗುತ್ತೆ" ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ 2 ವರ್ಷ, ಬಿ.ಇ. 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಆಮೇಲೆ ಬಿ.ಇ. 3 ವರ್ಷ, ಒಟ್ಟು 6. ಒಂದು ದಿನವೂ ಹೆಚ್ಚಿಲ್ಲ. ಎಂಜಿನಿಯರಿಂಗ್ ಕಾಲೇಜಿಗೆ ಕಟ್ಟುವ ಒಂದು ವರ್ಷದ ಫೀಸು ಉಳಿಯುತ್ತದೆ. ಐಟಿಐನಿಂದ ಬಂದವರಿಗೂ ಇದೇ ದಾರಿ ಇದೆ. ಎರಡು ವರ್ಷದ ಐಟಿಐ ಪಾಸಾದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿಂದ ಬಿ.ಇ. ಎರಡನೇ ವರ್ಷಕ್ಕೆ. ಒಂದು ವರ್ಷ ಜಾಸ್ತಿ ಆಗುತ್ತದೆ ಅಷ್ಟೆ. ನಮ್ಮ ಕಡೆ ಐಟಿಐ ಅಂದರೆ ಮೂಗು ಮುರಿಯೋರು ಇದನ್ನು ಗಮನಿಸಬೇಕು.

ಅಮೆರಿಕದಲ್ಲೂ ಹೀಗೇ ಇದೆ. ಅಲ್ಲಿ ಊರೂರಿನಲ್ಲಿ ಕಮ್ಯುನಿಟಿ ಕಾಲೇಜು ಅಂತ ಇರುತ್ತವೆ. ಎರಡು ವರ್ಷ ಕಡಿಮೆ ಫೀಸಿನಲ್ಲಿ ಅಲ್ಲಿ ಓದಿ ಮೂರನೇ ವರ್ಷಕ್ಕೆ ದೊಡ್ಡ ಯೂನಿವರ್ಸಿಟಿಗೆ ಹಾರುತ್ತಾರೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಆ ರಾಜ್ಯದ ಹುಡುಗರು ಹೀಗೆ ಅರ್ಜಿ ಹಾಕಲು 4ಕ್ಕೆ 2.4 ಜಿಪಿಎ ಇದ್ದರೆ ಸಾಕು. ಅಂದರೆ ಅಲ್ಲೂ 'ಸುಮಾರು' ಹುಡುಗರಿಗೆ ಬಾಗಿಲು ತೆರೆದೇ ಇದೆ. ಆದರೆ ಅರ್ಜಿ ಹಾಕುವ ಅರ್ಹತೆ ಬೇರೆ, ಸೀಟು ಸಿಗುವುದು ಬೇರೆ. ಈ ವ್ಯತ್ಯಾಸ ಇಲ್ಲೂ ಅಷ್ಟೇ ಮುಖ್ಯ.

ಎಷ್ಟು ಅಂಕ ಬೇಕು?

ಡಿಪ್ಲೊಮಾ ಎಲ್ಲಾ ವಿಷಯ ಪಾಸಾಗಿರಬೇಕು. ಅದರ ಜೊತೆ ಜನರಲ್‌ನವರಿಗೆ ಶೇ 45, ಎಸ್‌ಸಿ, ಎಸ್‌ಟಿ ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಅಂಕ. ಇದು ಮೂರು ವರ್ಷದ ಸರಾಸರಿಯಲ್ಲ. ಕೊನೆಯ ವರ್ಷದ, ಅಂದರೆ 5 ಮತ್ತು 6ನೇ ಸೆಮಿಸ್ಟರಿನ ಅಂಕ. ಕಿರಾಣಿ ಅಣ್ಣನ ಮಗನಿಗೆ ನಾನು ಮೊದಲು ಹೇಳಿದ್ದೇ ಇದು. ಮೊದಲ ವರ್ಷ ಗಣಿತದಲ್ಲಿ ಎರಡು ಸಲ ಹೊಡೆತ ತಿಂದಿದ್ದಾನೆ, ಅದು ಸಿಜಿಪಿಎ ಕೆಳಗೆ ಎಳೆದಿದೆ. ಆದರೆ ಕೊನೆಯ ವರ್ಷದಲ್ಲಿ ಸಿ-20 ಪ್ರಕಾರ ಐದನೇ ಸೆಮಿಸ್ಟರಿಗೆ ಒಂದು ವಿಶೇಷ ವಿಷಯ, ಆರನೇ ಸೆಮಿಸ್ಟರಿಗೆ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್. ಕೈಕೆಲಸ ಬರೋ ಹುಡುಗರು ಇಲ್ಲಿ ಚೆನ್ನಾಗಿ ತೆಗೆಯುತ್ತಾರೆ. ಅವನದ್ದೂ ಕೊನೆಯ ವರ್ಷ 60ರ ಮೇಲಿತ್ತು. ಅಪ್ಪ-ಮಗ ಇಬ್ಬರಿಗೂ ಅದು ಲೆಕ್ಕಕ್ಕೆ ಬರುತ್ತದೆ ಅನ್ನೋದೇ ಗೊತ್ತಿರಲಿಲ್ಲ.

ಬ್ಯಾಕ್ ಇದ್ದರೆ ಮಾತ್ರ ಕಷ್ಟ. ಆರನೇ ಸೆಮಿಸ್ಟರಿನಲ್ಲಿ ಇರುವಾಗಲೇ ಡಿಸಿಇಟಿಗೆ ಅರ್ಜಿ ಹಾಕಿ ಪರೀಕ್ಷೆ ಬರೆಯಬಹುದು. ಆದರೆ ದಾಖಲೆ ಪರಿಶೀಲನೆ ಹೊತ್ತಿಗೆ ಪಾಸಾದ ಅಂಕಪಟ್ಟಿ ಕೈಯಲ್ಲಿರಬೇಕು. ಒಂದೇ ಒಂದು ವಿಷಯ ಉಳಿದರೂ ರ‍್ಯಾಂಕ್ ಎಷ್ಟೇ ಚೆನ್ನಾಗಿದ್ದರೂ ಆ ವರ್ಷ ಹೋಯಿತು. ಹಾಗಾಗಿ 'ಡಿಸಿಇಟಿ ಕೋಚಿಂಗ್' ಅಂತ ಓಡುವ ಮೊದಲು ಹಳೇ ಬ್ಯಾಕ್ ಮುಗಿಸಿಕೊಳ್ಳಿ. ಇದು ನನ್ನ ಅನುಭವದ ಮಾತು. ನಾನು ಬಿ.ಕಾಂ. ಎರಡನೇ ವರ್ಷಕ್ಕೆ ಬಿಟ್ಟವನು. ಎರಡು ವಿಷಯ ಬ್ಯಾಕ್ ಇದ್ದವು. ಪರೀಕ್ಷೆ ಫೀಸು ಕಟ್ಟೋ ಕೊನೆ ದಿನ ಯಾವಾಗ ಅಂತ ಕೌಂಟರಿನಲ್ಲಿ ಕೇಳಿದರೆ "ನೋಟಿಸ್ ಬೋರ್ಡ್ ನೋಡ್ಕೋ" ಅಂದರು. ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಹಳೇ ಕಾಗದ ಮೇಲೆ ಹೊಸ ಕಾಗದ ಅಂಟಿಸಿದ್ದರು, ಅದರಲ್ಲಿ ಹುಡುಕುವ ತಾಳ್ಮೆ ನನಗೂ ಇರಲಿಲ್ಲ. ದಿನ ದಾಟಿತು. ಆಮೇಲೆ ಕಾಲೇಜಿನ ಕಡೆ ಹೋಗೋಕೆ ನಾಚಿಕೆ. ತಪ್ಪು ಅವರದ್ದು ಅರ್ಧ, ನನ್ನದು ಅರ್ಧ. ಇರಲಿ.

ಪರೀಕ್ಷೆ ಹೇಗಿರುತ್ತದೆ?

ಈಚಿನ ವರ್ಷಗಳಲ್ಲಿ ಎಲ್ಲಾ ಬ್ರಾಂಚಿನವರಿಗೂ ಒಂದೇ ಪ್ರಶ್ನೆಪತ್ರಿಕೆ. 100 ಪ್ರಶ್ನೆ, 100 ಅಂಕ, ನಾಲ್ಕು ಉತ್ತರದಲ್ಲಿ ಒಂದು ಆರಿಸೋದು. ಐದು ವಿಷಯ, ಒಂದೊಂದಕ್ಕೆ 20. ಎಂಜಿನಿಯರಿಂಗ್ ಗಣಿತ, ಸ್ಟ್ಯಾಟಿಸ್ಟಿಕ್ಸ್ ಮತ್ತು ಅನಲಿಟಿಕ್ಸ್, ಐಟಿ ಸ್ಕಿಲ್ಸ್, ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್ ಮೂಲಪಾಠ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ತಪ್ಪು ಬರೆದರೆ ಅಂಕ ಕಡಿಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಇವೆಲ್ಲ ಡಿಪ್ಲೊಮಾದ ಮೊದಲ ವರ್ಷದಿಂದಲೇ ಎಲ್ಲರೂ ಓದಿದ ವಿಷಯಗಳು. ಸಿವಿಲ್ ಹುಡುಗನಿಗೂ ಮೆಕ್ಯಾನಿಕಲ್ ಹುಡುಗನಿಗೂ ಒಂದೇ ನೆಲ. ಸುಮಾರು ಅಂಕದ ಹುಡುಗರಿಗೆ ನನ್ನ ಪ್ರಕಾರ ಇದೇ ದೊಡ್ಡ ಅನುಕೂಲ. ಗಣಿತ ಕಂಡರೆ ಆಗದವನು ಐಟಿ ಸ್ಕಿಲ್ಸ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಎಲೆಕ್ಟ್ರಿಕಲ್ ಮೂಲಪಾಠ ಈ ಮೂರನ್ನು ಗಟ್ಟಿ ಮಾಡಿಕೊಂಡರೆ 60 ಅಂಕದ ಪ್ರಶ್ನೆ ಅವನ ಕೈಯಲ್ಲಿರುತ್ತವೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಬಹುತೇಕ ಓದಿ ನೆನಪಿಟ್ಟುಕೊಳ್ಳುವ ವಿಷಯ. ಅದನ್ನು ಬಿಟ್ಟು ಗಣಿತದ ಒಂದೇ ಅಧ್ಯಾಯದ ಮೇಲೆ ತಿಂಗಳು ಕೂರುವವರನ್ನು ನೋಡಿದ್ದೇನೆ. ಪರೀಕ್ಷೆ ನಡೆಯೋದು ಸಾಮಾನ್ಯವಾಗಿ ಮೇ ಕೊನೆ, ಜೂನ್ ಹೊತ್ತಿಗೆ. ಅರ್ಜಿ ಅದಕ್ಕಿಂತ ಮೊದಲೇ ಆನ್‌ಲೈನ್‌ನಲ್ಲಿ ಹಾಕಬೇಕು.

371(ಜೆ): ನಮ್ಮ ಕೈಯಲ್ಲಿರೋ ದೊಡ್ಡ ಅಸ್ತ್ರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಂಪ್ಲಿ ಕಲ್ಯಾಣ ಕರ್ನಾಟಕದಲ್ಲಿದೆ. ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ವಿಜಯನಗರ ಸೇರಿ ಏಳು ಜಿಲ್ಲೆ. ಈ ಭಾಗದ ಒಳಗಿನ ಶಿಕ್ಷಣ ಸಂಸ್ಥೆಗಳ ಸೀಟಿನಲ್ಲಿ ಶೇ 70 ಸ್ಥಳೀಯರಿಗೆ. ಭಾಗದ ಹೊರಗೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8.

ಇದರ ಅರ್ಥ ಏನು? ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯ (ಪಿಡಿಐಟಿ), ಬಳ್ಳಾರಿಯ ಆರ್‌ವೈಎಂಇಸಿ, ಬಿಐಟಿಎಂ, ಹೂವಿನಹಡಗಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇವುಗಳ ಕೋಟಾ ಸೀಟಿಗೆ ಕಂಪ್ಲಿ ಹುಡುಗ ಬೆಂಗಳೂರು, ಮೈಸೂರು ಹುಡುಗರ ಜೊತೆ ಪೈಪೋಟಿ ಮಾಡಬೇಕಾಗಿಲ್ಲ. ಹೆಚ್ಚಿನ ಸೀಟು ಇಲ್ಲಿಯವರ ನಡುವೆಯೇ ಹಂಚಿಕೆ. ಕೆಇಎ ಕಟಾಫ್ ಪಟ್ಟಿಯಲ್ಲಿ ಜಿಎಂ, 2ಎ, 3ಬಿ ಅಂತ ಇರುವ ಕೋಡುಗಳ ಕೊನೆಗೆ 'ಎಚ್' ಅಕ್ಷರ ಇದ್ದರೆ ಅದು ನಮ್ಮ ಭಾಗದ ಕೋಟಾ. 'ಆರ್' ಅಂದರೆ ಗ್ರಾಮೀಣ, 'ಕೆ' ಅಂದರೆ ಕನ್ನಡ ಮಾಧ್ಯಮ. ಕಳೆದ ವರ್ಷದ ಕಟಾಫ್ ನೋಡುವಾಗ ಬರೀ ಜಿಎಂ ಕಾಲಂ ನೋಡಿ ಹೆದರಬೇಡಿ. ನಿಮ್ಮ ಕಾಲಂ ಯಾವುದು ಅಂತ ಹುಡುಕಿ ಅದನ್ನು ನೋಡಿ.

ಆದರೆ ಇದು ತಾನಾಗಿ ಸಿಗುವುದಿಲ್ಲ. ಅರ್ಹತಾ ಪ್ರಮಾಣಪತ್ರ ಬೇಕು, ಅದಕ್ಕೆ ಉಪವಿಭಾಗಾಧಿಕಾರಿಗಳ (ಎ.ಸಿ.) ಸಹಿ ಬೇಕು. ಇಲ್ಲೊಂದು ಎಡವಟ್ಟು ನಮ್ಮೂರಿನವರಿಗೇ ವಿಶೇಷ. ಕಂಪ್ಲಿ ಮೊದಲು ಹೊಸಪೇಟೆ ತಾಲ್ಲೂಕಿನಲ್ಲಿತ್ತು. ಆಮೇಲೆ ನಮ್ಮದೇ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ ಆ ಕಡೆ ಹೋಯಿತು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು. ಹಳೇ ಅಭ್ಯಾಸದಲ್ಲಿ ಹೊಸಪೇಟೆ ಎ.ಸಿ. ಆಫೀಸಿಗೆ ಹೋಗಿ ವಾಪಸ್ ಬಂದವರನ್ನು ನಾನೇ ನೋಡಿದ್ದೇನೆ. ನಮಗೆ ಬಳ್ಳಾರಿ ಉಪವಿಭಾಗ. ಹಿರಿಯರ ಶಾಲಾ ದಾಖಲೆಯಲ್ಲಿ, ಪಹಣಿಯಲ್ಲಿ 'ಹೊಸಪೇಟೆ ತಾಲ್ಲೂಕು' ಅಂತಲೇ ಇರುತ್ತದೆ. ಅದರಿಂದ ಗಾಬರಿ ಬೇಡ, ಎರಡೂ ಕಲ್ಯಾಣ ಕರ್ನಾಟಕವೇ. ಆದರೆ ಅರ್ಜಿಯಲ್ಲಿ ಈಗಿನ ತಾಲ್ಲೂಕು, ಈಗಿನ ಜಿಲ್ಲೆ ಬರೆಯಬೇಕು.

ಗ್ರಾಮೀಣ ಕೋಟಾದಲ್ಲೂ ಒಂದು ವಿಷಯ. 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಮಾತ್ರ. ಕಂಪ್ಲಿ ಪುರಸಭೆ ವ್ಯಾಪ್ತಿ, ಇಲ್ಲಿನ ಶಾಲೆಯಲ್ಲಿ ಓದಿದವರಿಗೆ ಬರುವುದಿಲ್ಲ. ಏಳನೇ ಕ್ಲಾಸ್‌ವರೆಗೆ ಊರಲ್ಲಿ ಓದಿ ಎಂಟಕ್ಕೆ ಕಂಪ್ಲಿಗೆ ಬಂದವರಿಗೂ ಬರುವುದಿಲ್ಲ. ಇದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ, ಹೈಸ್ಕೂಲು ಇಲ್ಲದ ಊರಿನ ಮಗು ಏನು ಮಾಡಬೇಕು? ಆದರೆ ನಿಯಮ ಹಾಗಿದೆ. ಕನ್ನಡ ಮಾಧ್ಯಮದಲ್ಲಿ 1ರಿಂದ 10 ಓದಿದ್ದರೆ ಆ ಕೋಟಾ ಕೇಳಬಹುದು, ಅದಕ್ಕೆ ಊರು-ಪಟ್ಟಣ ಅಂತಿಲ್ಲ. ಎರಡಕ್ಕೂ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಬೇಕು. ಹೆಡ್‌ಮಾಸ್ಟರ್ ಸಹಿ ಜೊತೆ ಬಿಇಒ ಸಹಿ. ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ಹೋಗುತ್ತಾರೆ. ಈಗಲೇ ಮಾಡಿಸಿಟ್ಟುಕೊಂಡರೆ ಒಳ್ಳೆಯದು.

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಅದರ ಮೇಲೆ 'ಆರ್‌ಡಿ' ಅಂತ ಶುರುವಾಗುವ ನಂಬರ್ ಇರುತ್ತದೆ. ಕೆಇಎ ಅರ್ಜಿಯಲ್ಲಿ ಆ ನಂಬರ್ ಹಾಕಿದರೆ ಅವರೇ ಕಂಪ್ಯೂಟರಿನಲ್ಲಿ ತಾಳೆ ನೋಡುತ್ತಾರೆ. ಹೆಸರು ಒಂದೊಂದರಲ್ಲಿ ಒಂದೊಂದು ಥರ ಇದ್ದರೆ ತಾಳೆ ಆಗೋದಿಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜಾತಿ ಪತ್ರದಲ್ಲಿ ಮನೆತನದ ಹೆಸರು. ನಮ್ಮ ಕಡೆ ಇದು ಮನೆಮನೆ ಕಥೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆ ಉಳಿದದ್ದನ್ನು ಸರಿ ಮಾಡಿಸಿಕೊಳ್ಳಿ.

ಆಪ್ಷನ್ ಎಂಟ್ರಿಯಲ್ಲಿ ಸೋಲೋದು ಹೀಗೆ

ರ‍್ಯಾಂಕ್ ಬಂದ ಮೇಲೆ ಕಾಲೇಜು-ಬ್ರಾಂಚು ಆಯ್ಕೆಪಟ್ಟಿ ಹಾಕಬೇಕು. ಇದನ್ನು ಸೈಬರ್ ಸೆಂಟರ್ ಹುಡುಗನ ಕೈಗೆ ಕೊಟ್ಟು "ಯಾವ್ದಾದ್ರೂ ಹಾಕಪ್ಪ" ಅನ್ನೋ ಅಪ್ಪಂದಿರು ಇದ್ದಾರೆ. ದಯವಿಟ್ಟು ಬೇಡ. ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅಲ್ಲಿಗೆ ನಿಲ್ಲುತ್ತದೆ, ಕೆಳಗಿನದನ್ನು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ನಿಜವಾಗಿ ಬೇಕಾದದ್ದು ಮೇಲೆ, ಖಂಡಿತ ಸಿಗುವಂಥದ್ದು ಕೆಳಗೆ. ಸುಮಾರು ರ‍್ಯಾಂಕಿನವರು 'ಅದು ನಮಗೆಲ್ಲಿ ಸಿಗುತ್ತೆ' ಅಂತ ಒಳ್ಳೆ ಕಾಲೇಜನ್ನು ಪಟ್ಟಿಯಲ್ಲೇ ಹಾಕುವುದಿಲ್ಲ. ಹಾಕಿದರೆ ಕಳೆದುಕೊಳ್ಳೋದು ಏನೂ ಇಲ್ಲ. ಇನ್ನು ಕೆಲವರು ಐದು ಕಾಲೇಜು ಹಾಕಿ ಸುಮ್ಮನಾಗುತ್ತಾರೆ. ಐದರಲ್ಲೂ ಸಿಗದಿದ್ದರೆ ಸೀಟೇ ಇಲ್ಲ.

ಮೊದಲು ಅಣಕು ಹಂಚಿಕೆ ಬರುತ್ತದೆ. ಅದನ್ನು ನೋಡಿ ಪಟ್ಟಿ ತಿದ್ದಬಹುದು. ಆಮೇಲೆ ನಿಜವಾದ ಸುತ್ತು. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಕೊಡುತ್ತಾರೆ. ಒಂದನೆಯದು, ಇದು ಸಾಕು, ಫೀಸು ಕಟ್ಟಿ ಸೇರುತ್ತೇನೆ. ಎರಡನೆಯದು, ಇದು ಇರಲಿ, ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದು ಬೇಕು. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ನನಗೆ ಏನೂ ಬೇಡ. ಕೊನೆ ದಿನದವರೆಗೆ ಯಾವುದನ್ನೂ ಒತ್ತದೆ ಬಿಟ್ಟರೆ ಸೀಟು ಕೈಬಿಟ್ಟ ಹಾಗೆ. ರ‍್ಯಾಂಕ್ ಸುಮಾರಿದ್ದು, ಸಿಕ್ಕ ಸೀಟು ಹೋಗಿಬರುವ ದೂರದಲ್ಲಿದ್ದರೆ ಮೂರನೆಯದನ್ನು ಒತ್ತುವ ಧೈರ್ಯ ಮಾಡಬೇಡಿ ಅನ್ನೋದು ನನ್ನ ಅಭಿಪ್ರಾಯ. ಎರಡನೆಯದರಲ್ಲಿ ಕೈಯಲ್ಲೊಂದು ಸೀಟು ಇರುತ್ತದೆ.

ಸೀಟು ಎಲ್ಲಿಂದ ಬರುತ್ತದೆ ಅನ್ನೋದು ಗೊತ್ತಿದ್ದರೆ ಭಯ ಸ್ವಲ್ಪ ಕಡಿಮೆಯಾಗುತ್ತದೆ. ಪ್ರತಿ ಬ್ರಾಂಚಿನ ಮಂಜೂರಾದ ಸೀಟಿನ ಮೇಲೆ ಶೇ 10 ಹೆಚ್ಚುವರಿಯಾಗಿ ಲ್ಯಾಟರಲ್‌ನವರಿಗೆ. ಅದರ ಜೊತೆ ಮೊದಲ ವರ್ಷದಲ್ಲಿ ಭರ್ತಿಯಾಗದೆ ಉಳಿದ ಸೀಟೂ ಸಿಗುತ್ತವೆ. ಸಿವಿಲ್, ಮೆಕ್ಯಾನಿಕಲ್‌ನಲ್ಲಿ ಈಗ ಎಲ್ಲಾ ಕಡೆ ಸೀಟು ಖಾಲಿ ಉಳಿಯುತ್ತಿವೆ, ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕು. ಹಾಗಾಗಿ ಸುಮಾರು ರ‍್ಯಾಂಕಿಗೆ ಮೆಕ್ಯಾನಿಕಲ್ ಸಿಗೋದು ಸುಲಭ, ಕಂಪ್ಯೂಟರ್ ಕಷ್ಟ. ತೋರಣಗಲ್ಲಿನ ಜೆಎಸ್‌ಡಬ್ಲ್ಯೂ, ದೋಣಿಮಲೈನ ಎನ್‌ಎಂಡಿಸಿ, ಸಂಡೂರಿನ ಗಣಿಗಳು ಪಕ್ಕದಲ್ಲೇ ಇರುವ ನಮಗೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬ್ರಾಂಚು ಕೀಳಲ್ಲ. ಇದನ್ನು ಹೇಳಿದರೆ ಹುಡುಗರು ನಗುತ್ತಾರೆ, ಆದರೂ ಹೇಳುತ್ತೇನೆ.

ಕೆಲಸವಾ, ಓದಾ?

ಕಿರಾಣಿ ಅಣ್ಣನ ನಿಜವಾದ ಚಿಂತೆ ಇದು. ಮಗನಿಗೆ ತೋರಣಗಲ್ಲು ಕಡೆ ಟ್ರೇನಿ ಕೆಲಸದ ಮಾತು ಬಂದಿತ್ತು. ತಿಂಗಳಾದರೆ ಕೈಗೆ ಸಂಬಳ. ಬಿ.ಇ.ಗೆ ಹಾಕಿದರೆ ಮೂರು ವರ್ಷ ಕೈಯಿಂದ ಖರ್ಚು, ಆಮೇಲೆ ಕೆಲಸ ಸಿಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಅಂಗಡಿಯಲ್ಲಿ ಬೇರೆ ಒಬ್ಬ ಆಳು ಕಡಿಮೆ.

ನಾನು ಸುಳ್ಳು ಧೈರ್ಯ ಹೇಳಲಿಲ್ಲ. ಡಿಪ್ಲೊಮಾ ಅಂಕ ಬಿ.ಇ. ಮುಗಿದ ಮೇಲೂ ಬೆನ್ನು ಬಿಡುವುದಿಲ್ಲ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಎಸ್ಸೆಸ್ಸೆಲ್ಸಿ, ಡಿಪ್ಲೊಮಾ, ಬಿ.ಇ. ಮೂರರಲ್ಲೂ ಶೇ 60 ಕೇಳುತ್ತವೆ. 5.8ರ ಹುಡುಗ ಅಲ್ಲಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಆದರೆ ಬಿ.ಇ. ಇದ್ದರೆ ಸರ್ಕಾರಿ ಎಂಜಿನಿಯರ್ ಹುದ್ದೆಗಳ ಅರ್ಜಿ ಹಾಕಬಹುದು. ಕಾರ್ಖಾನೆಯಲ್ಲೂ ಡಿಪ್ಲೊಮಾದವನು ಏರುವ ಮೆಟ್ಟಿಲು ಬೇರೆ, ಡಿಗ್ರಿಯವನದ್ದು ಬೇರೆ. ಮನೆಯಲ್ಲಿ ಸಾಲ ಇದ್ದು ನಾಳೆಗೇ ಸಂಬಳ ಬೇಕಿದ್ದರೆ ಕೆಲಸಕ್ಕೆ ಹೋಗೋದು ತಪ್ಪಲ್ಲ. ಎರಡು ವರ್ಷ ದುಡಿದು ಆಮೇಲೂ ಡಿಸಿಇಟಿ ಬರೆಯಬಹುದು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಓದುವವರಿಗೆ ಸಂಜೆ ಎಂಜಿನಿಯರಿಂಗ್ ಕಾಲೇಜೂ ಇವೆ, ಅದಕ್ಕೂ ಡಿಸಿಇಟಿಯೇ ದಾರಿ.

ಆದರೆ ಒಂದು ಮಾತ್ರ ಮಾಡಬೇಡಿ. ಕಾರ್ಖಾನೆ ಕೆಲಸಕ್ಕೆ ಸೇರಿದ ಡಿಪ್ಲೊಮಾ ಹುಡುಗರ ಫೋನಿಗೆ ಕರೆ ಬರುತ್ತವೆ. "ಕ್ಲಾಸಿಗೆ ಬರೋದು ಬೇಡ ಸರ್, ಮನೆಯಿಂದಲೇ ಬಿ.ಟೆಕ್., ಒಂದೂವರೆ ವರ್ಷದಲ್ಲಿ ಸರ್ಟಿಫಿಕೇಟ್." ದೂರಶಿಕ್ಷಣದ ಎಂಜಿನಿಯರಿಂಗ್ ಡಿಗ್ರಿಗೆ ಬೆಲೆ ಇಲ್ಲ. ಎಐಸಿಟಿಇ ಒಪ್ಪಿಗೆ ಇಲ್ಲದೆ ಡೀಮ್ಡ್ ಯೂನಿವರ್ಸಿಟಿಗಳು ಹೀಗೆ ಕೊಟ್ಟ ಡಿಗ್ರಿಗಳ ಬಗ್ಗೆ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಕಟ್ಟುನಿಟ್ಟಿನ ತೀರ್ಪು ಕೊಟ್ಟಿದೆ. ಹಳೇ ಕಾಲದ ಎಎಂಐಇ ದಾರಿಯೂ ಮುಚ್ಚಿದೆ. 2013ರ ಮೇ 31ರೊಳಗೆ ಹೆಸರು ಹಚ್ಚಿದವರಿಗೆ ಮಾತ್ರ ಅದಕ್ಕೆ ಮಾನ್ಯತೆ. ಲಕ್ಷಗಟ್ಟಲೆ ಕೊಟ್ಟು ತಂದ ಹಾಳೆಯನ್ನು ಗೋಡೆಗೆ ಹಾಕಿಕೊಳ್ಳಬೇಕಷ್ಟೆ.

ಸೇರಿದ ಮೇಲಿನ ಕಷ್ಟ

ಸೀಟು ಸಿಗೋದು ಅರ್ಧ ದಾರಿ. ಲ್ಯಾಟರಲ್‌ನವರು ಕಾಲೇಜಿಗೆ ಹೋಗುವ ಹೊತ್ತಿಗೆ ಕ್ಲಾಸು ಶುರುವಾಗಿ ಕೆಲವು ವಾರ ಆಗಿರುವುದುಂಟು. ಉಳಿದವರು ಪಿಯುಸಿಯಲ್ಲಿ ಎರಡು ವರ್ಷ, ಬಿ.ಇ. ಮೊದಲ ವರ್ಷದಲ್ಲಿ ಮತ್ತೊಂದು ವರ್ಷ ಗಣಿತ ಅರೆದು ಬಂದಿರುತ್ತಾರೆ. ಡಿಪ್ಲೊಮಾದವನಿಗೆ ಲ್ಯಾಬ್ ಗೊತ್ತು, ಮೋಟಾರ್ ಬಿಚ್ಚೋದು ಗೊತ್ತು, ಆದರೆ ಇಂಟಿಗ್ರೇಷನ್ ಅಂದರೆ ಬೆವರು. ಇದಕ್ಕಾಗಿಯೇ ವಿಟಿಯು ಲ್ಯಾಟರಲ್‌ನವರಿಗೆ ಹೆಚ್ಚುವರಿ ಗಣಿತ ಅಂತ ಇಟ್ಟಿತು. ಅದಕ್ಕೆ ಕ್ರೆಡಿಟ್ ಇಲ್ಲ ಅಂತ ಹುಡುಗರು ಕಡೆಗಣಿಸುತ್ತಾರೆ, ಕೊನೆಗೆ ಅದೇ ಕುತ್ತಿಗೆಗೆ ಬರುತ್ತದೆ.

ವಿಟಿಯುನಲ್ಲಿ ಹಾಜರಾತಿ ಶೇ 85 ಬೇಕು. ಪ್ರತಿ ಥಿಯರಿ ವಿಷಯಕ್ಕೆ ಕಾಲೇಜಿನೊಳಗಿನ ಅಂಕ 50, ಅದರಲ್ಲಿ ಕನಿಷ್ಠ 20 ಇಲ್ಲದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ. ತಡವಾಗಿ ಸೇರಿದವನು ಮೊದಲ ಇಂಟರ್ನಲ್ ಕಳೆದುಕೊಂಡಿದ್ದರೆ ಎರಡನೆಯದರಲ್ಲಿ ತುಂಬಿಕೊಳ್ಳಬೇಕು. ಸೇರಿದ ಮೊದಲ ದಿನವೇ ಪ್ರತಿ ವಿಷಯದ ಮೇಷ್ಟ್ರ ಹತ್ತಿರ ಹೋಗಿ "ಸರ್, ನಾನು ಲ್ಯಾಟರಲ್, ಈಗ ಬಂದೆ" ಅಂತ ಹೇಳಿಕೊಳ್ಳುವುದು ಒಳ್ಳೆಯದು. ನಾಚಿಕೆ ಪಟ್ಟು ಕೊನೆ ಬೆಂಚಿನಲ್ಲಿ ಕೂತವನು ಏನಾಗುತ್ತಾನೆ ಅಂತ ನನಗೆ ಚೆನ್ನಾಗಿ ಗೊತ್ತು.

ಓಡಾಟದ ಮಾತು. ರಾಮಸಾಗರ, ಬುಕ್ಕಸಾಗರ, ಕಮಲಾಪುರ ಮೇಲೆ ಹೊಸಪೇಟೆಗೆ ದಿನಾ ಹೋಗಿಬರೋ ಹುಡುಗರು ಇದ್ದಾರೆ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ ಉಚಿತ, ಹುಡುಗರಿಗೆ ಕೆಕೆಆರ್‌ಟಿಸಿ ವಿದ್ಯಾರ್ಥಿ ಪಾಸು. ಹೊಳೆಯಾಚೆ ಗಂಗಾವತಿ, ಕೊಪ್ಪಳ ಕಡೆ ಹೋಗುವವರು ಮಳೆಗಾಲದಲ್ಲಿ ಸೇತುವೆ ನೋಡಿಕೊಳ್ಳಬೇಕು. ಡ್ಯಾಮಿನಿಂದ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಬುಕ್ಕಸಾಗರ-ಕಡೇಬಾಗಿಲು ಸೇತುವೆ ಸುತ್ತಬೇಕು. ಅದೂ ಸರಿಯಾಗಿ ಜುಲೈ-ಆಗಸ್ಟ್‌ನಲ್ಲಿ, ಕೌನ್ಸೆಲಿಂಗ್ ಮತ್ತು ಕ್ಲಾಸ್ ಶುರುವಾಗೋ ಹೊತ್ತಿಗೇ.

ದುಡ್ಡಿಗೆ ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಂತಿಷ್ಟು ಅಂತ ಹತ್ತು ತಿಂಗಳು ಬರುತ್ತದೆ. ದೊಡ್ಡ ಮೊತ್ತ ಅಲ್ಲ, ಆದರೆ ರೂಮಿನ ಬಾಡಿಗೆಗಾದರೂ ಆಗುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು.

ಇಷ್ಟೆಲ್ಲ ಅವತ್ತು ಜೆರಾಕ್ಸ್ ಅಂಗಡಿ ಮುಂದೆ ನಿಂತೇ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಕಡೆ ತಿರುಗಿ, "ಎ.ಸಿ. ಆಫೀಸ್ ಬಳ್ಳಾರ್ಯಾಗ ಅಂತ. ಸೋಮವಾರ ಅಂಗಡಿ ನಿಮ್ಮವ್ವ ನೋಡ್ಕೊಳ್ತಾಳ, ಬಾ ಹೋಗಿ ಬರೋಣ" ಅಂದರು. ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಅಣ್ಣಾ, ನೀವು ಬಿ.ಕಾಂ. ಯಾಕ್ ಬಿಟ್ರಿ?" ಅವನ ಅಂಕಪಟ್ಟಿಯ ಎರಡು ಜೆರಾಕ್ಸ್ ಪ್ರತಿ ಅವನ ಕೈಗೆ ಕೊಟ್ಟೆ.